ಅಡಿಕೆ ದುಡ್ಡು ಬಂತು: ಸಾಲಕ್ಕೋ, ಷೇರಿಗೋ?

ಅಡಿಕೆ ಮಾರಿ, ಖರ್ಚೆಲ್ಲ ಕಳೆದು ಎರಡು ಲಕ್ಷ ಮಿಕ್ಕಿದೆ ಎನ್ನೋಣ. ಮಗ ಷೇರುಪೇಟೆ ಸೂಚ್ಯಂಕದ ಕಂಪನಿಗಳಲ್ಲಿ ಹಣ ತೊಡಗಿಸುವ ಇಂಡೆಕ್ಸ್ ಫಂಡ್‌ಗೆ ಹಾಕೋಣ ಅನ್ನುತ್ತಾನೆ, ಅಪ್ಪ ಸಾಲ ತೀರಿಸು ಅನ್ನುತ್ತಾರೆ. ಜಗಲಿಯಲ್ಲಿ ವಾದ ಮಾಡುವ ಬದಲು ಇಬ್ಬರೂ ಒಂದು ಹಾಳೆ ಹಿಡಿದು ಕೂರಲಿ.

ಮೊದಲು ಎಲ್ಲ ಸಾಲದ ಬಡ್ಡಿಯನ್ನೂ ವರ್ಷದ ಲೆಕ್ಕಕ್ಕೆ ತನ್ನಿ. ಕೈಸಾಲದ ‘ಎರಡು ರೂಪಾಯಿ ಬಡ್ಡಿ’ ಕೇಳಲು ಹಗುರ. ಅದು ತಿಂಗಳ ಲೆಕ್ಕ, ವರ್ಷಕ್ಕೆ ಶೇ 24. ಕ್ರೆಡಿಟ್ ಕಾರ್ಡಿನ ತಿಂಗಳ ಶೇ 3.5 ಎಂದರೆ ವರ್ಷಕ್ಕೆ ಶೇ 42. ಮಂಡಿಯಲ್ಲಿ ತಂದ ಮುಂಗಡವನ್ನೂ ಬರೆಯಿರಿ. ಅದಕ್ಕೆ ಬಡ್ಡಿಯಷ್ಟೇ ಅಲ್ಲ, ಒಳ್ಳೆಯ ರೇಟು ಸಿಕ್ಕ ಕಡೆ ಮಾರುವ ಸ್ವಾತಂತ್ರ್ಯವನ್ನೂ ತೆರಬೇಕಾದೀತು.

ಆಮೇಲೆ ಮುಂದಿನ ಕೊಯ್ಲಿನವರೆಗಿನ ಮನೆಖರ್ಚು, ಗೊಬ್ಬರ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆಯ ಕೂಲಿ ತೆಗೆದಿಡಿ. ಸಂಬಳದವರಿಗೆ ಆರು ತಿಂಗಳ ಖರ್ಚು ಸಾಕಾದೀತು. ವರ್ಷಕ್ಕೊಮ್ಮೆ ದುಡ್ಡು ಕಾಣುವ ನಮಗೆ ಸಾಲದು.

ಉಳಿದದ್ದರಲ್ಲಿ ಶೇ 12ಕ್ಕಿಂತ ದುಬಾರಿ ಸಾಲ ತೀರಿಸಿ. ಶೇ 24ರ ಸಾಲ ತೀರಿಸಿದರೆ ಆ 24 ಖಚಿತವಾಗಿ ಉಳಿಯಿತು, ಅದಕ್ಕೆ ತೆರಿಗೆಯೂ ಇಲ್ಲ. ಅಷ್ಟು ಕೊಡುತ್ತೇನೆಂದು ಯಾವ ಫಂಡೂ ಮಾತು ಕೊಡಲಾರದು. ಷೇರು ಫಂಡ್ ಅನ್ನು ವರ್ಷ ಕಳೆದು ಮಾರಿದರೂ 1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5 ತೆರಿಗೆ ಇದೆ.

ಸಹಕಾರ ಸಂಘದ ಬೆಳೆಸಾಲದ ಲೆಕ್ಕ ಮಾತ್ರ ಉಲ್ಟಾ. 5 ಲಕ್ಷದವರೆಗೆ ಶೂನ್ಯ ಬಡ್ಡಿ, ಹಾಗಾಗಿ ಅವಸರ ಬೇಡ. ಗಡುವು ತಪ್ಪಿಸಲೂಬೇಡಿ, ರಿಯಾಯಿತಿ ಹೋಗುತ್ತದೆ. ಆ ಹಣವನ್ನು ಅಲ್ಲಿಯವರೆಗೆ ಷೇರಿನಲ್ಲಿ ಆಡಿಸುವ ಆಸೆಯಂತೂ ಬೇಡವೇ ಬೇಡ. 2020ರ ಜನವರಿಯಿಂದ ಮಾರ್ಚ್‌ನೊಳಗೆ ಷೇರುಪೇಟೆ ಸೂಚ್ಯಂಕ ನಿಫ್ಟಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಕುಸಿದಿತ್ತು. ಸಂಘದ ಗಡುವು ಮಾರುಕಟ್ಟೆ ಚೇತರಿಸಲಿ ಎಂದು ಕಾಯುವುದಿಲ್ಲ.

ಶೇ 8–9ರ ಮನೆಸಾಲವೇ ನಿಜವಾದ ಪೇಚು. ಏಳೆಂಟು ವರ್ಷ ಮುಟ್ಟದ ಹಣವಾದರೆ ನಾನು ಅರ್ಧ ಸಾಲಕ್ಕೆ, ಅರ್ಧ ಫಂಡ್‌ಗೆ ಹಾಕುತ್ತೇನೆ. ಬದಲಾಗುವ ಬಡ್ಡಿಯ ಮನೆಸಾಲವನ್ನು ಮೊದಲೇ ಕಟ್ಟಿದರೆ ದಂಡವಿಲ್ಲ.

ಇನ್ನು ಹಣ ಹಂಚಿಡುವ ಮಾತು. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿ ‘ಎರಡು ಬೆಳೆ ಇದೆ’ ಅಂದುಕೊಳ್ಳುತ್ತೇವೆ. ಆದರೆ ಅಡಿಕೆಯ ಕೊಳೆರೋಗಕ್ಕೂ ಮೆಣಸಿನ ಶೀಘ್ರ ಸೊರಗು ರೋಗಕ್ಕೂ ಕಾರಣ ಫೈಟಾಫ್ತೊರಾ ಎಂಬ ಒಂದೇ ರೋಗಾಣು ಕುಲ. ಬಿಡದೆ ಮಳೆ ಹೊಯ್ದರೆ ಎರಡೂ ಹೋದಾವು. ಫಂಡ್‌ನಲ್ಲೂ ಹಾಗೆಯೇ. ಮೂರು ಫಂಡ್ ಕೊಳ್ಳುವ ಮುಂಚೆ ಒಳಗಿನ ಕಂಪನಿಗಳ ಪಟ್ಟಿ ನೋಡಿ. ಮೂರರಲ್ಲೂ ಅವೇ ದೊಡ್ಡ ಬ್ಯಾಂಕುಗಳಿದ್ದರೆ ಒಂದೇ ಸಾಕು.