ಉನವಟುನದಲ್ಲಿ ನಾವಿಬ್ಬರು: ಚಿಕ್ಕ ರಜೆಗೆ ಒಂದೇ ಊರು

ಶ್ರೀಲಂಕಾಗೆ ಹೊರಟಿದ್ದೀವಿ ಅಂದ ಕೂಡಲೇ ಕ್ಯಾಂಡಿ, ಸಿಗಿರಿಯ, ನುವಾರ ಎಲಿಯ, ಕೊನೆಗೊಂದು ಬೀಚು ಅಂತ ಎಲ್ಲರೂ ಪಟ್ಟಿ ಹಿಡಿದು ನಿಲ್ಲುತ್ತಾರೆ. ನಮಗೆ ಸಿಕ್ಕಿದ್ದು ಚಿಕ್ಕ ರಜೆ. ಅದರಲ್ಲಿ ಅರ್ಧ ವ್ಯಾನಿನಲ್ಲೇ ಕಳೆಯುವುದು ಇಬ್ಬರಿಗೂ ಬೇಕಿರಲಿಲ್ಲ. ಹಾಗಾಗಿ ದಕ್ಷಿಣ ಕರಾವಳಿಯ ಉನವಟುನ ಒಂದನ್ನೇ ಹಿಡಿದುಕೊಂಡೆವು. ಬ್ಯಾಗು ಬಿಚ್ಚಿದ ಕೋಣೆಯಲ್ಲೇ ಕೊನೆಯವರೆಗೂ ಇದ್ದೆವು.

ನನಗೆ ನೀರು ಕಂಡರೆ ಸಾಕು. ಇವರಿಗೆ ಈಜು ಬರುವುದಿಲ್ಲ. ಹಳೇ ಕಟ್ಟಡ, ರೈಲು, ಕ್ರಿಕೆಟ್ ಇದ್ದರೆ ಊಟ ತಿಂಡಿಯೂ ಬೇಡ. ಉನವಟುನದಲ್ಲಿ ಬಾಗಿದ ಕೊಲ್ಲಿಯಿದೆ, ಐದಾರು ಕಿಲೋಮೀಟರ್ ಆಚೆ ಗಾಲ್ ಕೋಟೆಯಿದೆ. ಜಗಳಕ್ಕೆ ಅವಕಾಶವೇ ಇಲ್ಲ.

ಹೋಗುವ ತಿಂಗಳು ಮುಖ್ಯ. ಈ ಕಡೆಯ ಸಮುದ್ರ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಶಾಂತ. ಮೇ ತಿಂಗಳಲ್ಲಿ ಮುಂಗಾರು ಶುರುವಾದರೆ ಅಲೆಗಳು ಏಳುತ್ತವೆ, ನೀರಿಗಿಳಿಯುವುದು ಕಷ್ಟ. ಆಗ ರಜೆ ಸಿಕ್ಕರೆ ಪೂರ್ವ ಕರಾವಳಿಯ ತ್ರಿಂಕೋಮಲಿ ಕಡೆ ಹೋಗುವುದು ವಾಸಿ. ನಾವು ಹೋಗಿದ್ದು ಫೆಬ್ರವರಿಯಲ್ಲಿ. ಹೊರಡುವ ಮೊದಲು ಇಟಿಎ ಅನ್ನುವ ಆನ್‌ಲೈನ್ ಪ್ರವೇಶ ಅನುಮತಿಯನ್ನು ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲೇ ಮಾಡಿಸಿಕೊಂಡೆವು. ಅದೇ ಹೆಸರಿನ ಏಜೆಂಟರ ಸೈಟುಗಳು ಬೇಕಾದಷ್ಟಿವೆ, ನೋಡಿ ಕ್ಲಿಕ್ ಮಾಡಿ.

ಕೊಲಂಬೊದಿಂದ ಗಾಲ್‌ಗೆ ಎಕ್ಸ್‌ಪ್ರೆಸ್ ಹೆದ್ದಾರಿ ಇದೆ, ಬೇಗ ಮುಟ್ಟಬಹುದು. ಆದರೂ ಹೋಗುವಾಗ ರೈಲೇ ಹಿಡಿದೆವು. ಕೊಲಂಬೊ ಫೋರ್ಟ್ ಸ್ಟೇಷನ್ನಿನ ಕೌಂಟರಿನಲ್ಲಿ ಎರಡನೇ ದರ್ಜೆ ಟಿಕೆಟ್ ಸಿಕ್ಕಿತು. ಸೀಟು ನಂಬರ್ ಇಲ್ಲ, ಹತ್ತಿದವರಿಗೆ ಸೀಟು. ದಕ್ಷಿಣಕ್ಕೆ ಹೋಗುವಾಗ ಬಲಗಡೆ ಕೂರಬೇಕು, ಸಮುದ್ರ ಇರುವುದು ಆ ಕಡೆ. ಊರು ದಾಟುವ ಮೊದಲೇ ಹಳಿ ನೀರಿನ ಪಕ್ಕಕ್ಕೆ ಬಂದುಬಿಡುತ್ತದೆ. ಕೆಲವು ಕಡೆ ಹಳಿಗೂ ಅಲೆಗೂ ನಡುವೆ ಒಂದು ಸಾಲು ಬಂಡೆ ಅಷ್ಟೇ. ಬಾಗಿಲು ತೆರೆದೇ ಇರುತ್ತದೆ, ಹುಡುಗರು ಅಲ್ಲೇ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಬುಟ್ಟಿ ಹೊತ್ತವನೊಬ್ಬ “ವಡೇ ವಡೇ ವಡೇ” ಅಂತ ಬಂದ. ಮೇಲೆ ಇಡೀ ಸಿಗಡಿ ಕೂರಿಸಿದ ಇಸ್ಸೋ ವಡೆ, ಪಕ್ಕದಲ್ಲಿ ಬರೀ ಬೇಳೆ ವಡೆ. ಕಟ್ಟಿಕೊಟ್ಟಿದ್ದು ಯಾವುದೋ ಮಗುವಿನ ಲೆಕ್ಕದ ಪುಸ್ತಕದ ಹಾಳೆಯಲ್ಲಿ. ಇವರು ವಡೆ ಮುಗಿಸಿ ಲೆಕ್ಕ ಸರಿ ಇದೆಯಾ ಅಂತ ನೋಡುತ್ತಾ ಕೂತರು.

ಹಿಕ್ಕಡುವ ಬರುವ ಮೊದಲು ಪೆರಾಲಿಯ ಅನ್ನುವ ಊರು ಸಿಗುತ್ತದೆ. 2004ರ ಡಿಸೆಂಬರ್ 26ರ ಸುನಾಮಿ ಇದೇ ದಾರಿಯ ರೈಲನ್ನು ಅಲ್ಲಿ ಉರುಳಿಸಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಗೊತ್ತಿದ್ದು ಆ ಜಾಗ ದಾಟುವಾಗ ಬಾಯಿಗೆ ಮಾತು ಬರುವುದಿಲ್ಲ.

ಕೋಣೆಯನ್ನು ಬೀಚಿಗೆ ಅಂಟಿಕೊಂಡ ಹೋಟೆಲಿನಲ್ಲಿ ಮಾಡದೆ, ಹಿಂದಿನ ಓಣಿಯ ಗೆಸ್ಟ್‌ಹೌಸಿನಲ್ಲಿ ಮಾಡಿದೆವು. ಬೀಚಿನ ಮೇಲೆ ರಾತ್ರಿ ಹಾಡು ಜಾಸ್ತಿ. ಓಣಿಯಲ್ಲಿ ಬಾಡಿಗೆಯೂ ಕಡಿಮೆ, ನಿದ್ದೆಯೂ ಬರುತ್ತದೆ. ನೀರಿಗೆ ನಡೆದರೆ ಎರಡು ನಿಮಿಷ.

ದಿನವನ್ನು ಬಿಸಿಲು ನೋಡಿಕೊಂಡು ಮೂರು ಪಾಲು ಮಾಡಿಕೊಂಡೆವು. ಬೆಳಗ್ಗೆ ಸಮುದ್ರ, ಮಧ್ಯಾಹ್ನ ಊಟ ಮತ್ತು ಫ್ಯಾನಿನ ಕೆಳಗೆ ನಿದ್ದೆ, ಸಂಜೆ ಕೋಟೆ. ಬೆಳಗ್ಗೆ ಏಳಕ್ಕೆ ಕೊಲ್ಲಿಯಲ್ಲಿ ಜನ ಕಡಿಮೆ, ನೀರು ತಿಳಿ. ಹೊರಗೆ ಹವಳದ ದಿಬ್ಬ ಇರುವುದರಿಂದ ಅಲೆ ಅಲ್ಲೇ ಒಡೆಯುತ್ತದೆ. ಇವರು ಎದೆಮಟ್ಟದ ನೀರಿನಲ್ಲಿ ನಿಂತು, “ಏಯ್, ಸಾಕು ಬಾ, ಅಷ್ಟು ದೂರ ಹೋಗಬೇಡ” ಅಂತ ಕೂಗುತ್ತಿದ್ದರು. “ಬರ್ತೀನಿ ರೀ” ಅಂತ ನಾನು ಇನ್ನೂ ನಾಲ್ಕು ಮಾರು ಹೋಗುತ್ತಿದ್ದೆ. ಕೆಂಪು ಬಾವುಟ ಕಂಡ ದಿನ ಮಾತ್ರ ಇಳಿಯಲಿಲ್ಲ. ಕಾಲಿಗೆ ರಬ್ಬರ್ ಶೂ ಇದ್ದರೆ ಒಳ್ಳೆಯದು, ಹವಳದ ಚೂರು ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಒಂದು ಬೆಳಗ್ಗೆ ರುಮಸ್ಸಲ ಗುಡ್ಡದ ಕೆಳಗಿನ ಜಂಗಲ್ ಬೀಚಿಗೆ ಹೋದೆವು. ಹನುಮಂತ ಸಂಜೀವಿನಿ ಬೆಟ್ಟ ಹೊತ್ತು ತರುವಾಗ ಕಳಚಿ ಬಿದ್ದ ತುಂಡೇ ಈ ಗುಡ್ಡ ಅನ್ನುವುದು ಅಲ್ಲಿನವರ ನಂಬಿಕೆ. ಗುಡ್ಡದ ಮೇಲೆ ಜಪಾನಿನ ಬೌದ್ಧ ಭಿಕ್ಷುಗಳು ಕಟ್ಟಿಸಿದ ಬಿಳಿ ಶಾಂತಿ ಸ್ತೂಪವಿದೆ. ಬೀಚು ಚಿಕ್ಕದು. ನನಗೆ ಕೊಲ್ಲಿಯೇ ಹಿಡಿಸಿತು.

ಊಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇವರು ಸಸ್ಯಾಹಾರಿ. ಶ್ರೀಲಂಕಾದಲ್ಲಿ ತರಕಾರಿಗೇನೂ ಬರವಿಲ್ಲ, ಆದರೆ ತೊಂದರೆ ಕಣ್ಣಿಗೆ ಕಾಣುವುದಿಲ್ಲ. ಉಂಬಲಕಡ ಅಂತ ಒಣಗಿಸಿದ ಮೀನಿನ ಪುಡಿ ಇದೆ. ತೆಂಗಿನಕಾಯಿಯ ಪೊಲ್ ಸಂಬಲ್‌ಗೂ ಹಾಕುತ್ತಾರೆ, ಕೆಲವೊಮ್ಮೆ ಬೇಳೆಗೂ ಉದುರಿಸುತ್ತಾರೆ. ‘ವೆಜಿಟೇರಿಯನ್’ ಅಂದರೆ ಮಾಂಸ ಬಿಟ್ಟಿದ್ದೇವೆ ಅಂದುಕೊಂಡು ತಲೆಯಾಡಿಸುತ್ತಾರೆ. ನಾನು “ಉಂಬಲಕಡ ಎಪಾ, ಮಾಳು ಎಪಾ” ಅನ್ನುವುದನ್ನು ಗೆಸ್ಟ್‌ಹೌಸಿನ ಅಮ್ಮನಿಂದ ಕಲಿತೆ. ಅದೂ ಬೇಡ, ಮೀನೂ ಬೇಡ ಅಂತ ಅರ್ಥ. ಹೇಳಿದ ಮೇಲೆ ಒಂದು ಕಡೆಯೂ ತಪ್ಪಾಗಲಿಲ್ಲ.

ಮಧ್ಯಾಹ್ನ ಮುಖ್ಯ ರಸ್ತೆಯ ಬದಿಯ ಅನ್ನದ ಹೋಟೆಲುಗಳೇ ಚೆನ್ನ. ಅನ್ನ, ಪರಿಪ್ಪು ಅಂದರೆ ಬೇಳೆ, ಎಳೇ ಹಲಸಿನ ಪೊಲೊಸ್, ಬೀನ್ಸ್, ಹಪ್ಪಳ. ಜೊತೆಗೆ ಗೊಟುಕೊಳ ಸಂಬಲ್. ಅದು ಒಂದೆಲಗದ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಕಾಯಿತುರಿ, ಈರುಳ್ಳಿ, ನಿಂಬೆರಸ ಹಾಕಿ ಕಲಸಿದ್ದು. ಬೀಚಿನ ಪಿಜ್ಜಾಗೆ ಕೊಡುವ ದುಡ್ಡಿನಲ್ಲಿ ಇಬ್ಬರೂ ಎರಡು ಹೊತ್ತು ಉಣ್ಣಬಹುದು. ಕೊನೆಗೆ ಮಣ್ಣಿನ ಕುಡಿಕೆಯ ಎಮ್ಮೆ ಮೊಸರಿಗೆ ಬೈನೆ ಮರದ ಪಾಕ ಸುರಿದ ಕಿರಿ ಪಾಣಿ. ಇದರ ಮುಂದೆ ಐಸ್‌ಕ್ರೀಮ್ ಯಾರಿಗೆ ಬೇಕು, ಅಲ್ವಾ?

ದುಡ್ಡಿನ ಲೆಕ್ಕ ಮೊದಲು ಗಾಬರಿ ಹುಟ್ಟಿಸುತ್ತದೆ. ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರು ರೂಪಾಯಿ ಚಿಲ್ಲರೆ ಸಿಗುತ್ತದೆ, ಹಾಗಾಗಿ ಎಲ್ಲ ಬಿಲ್ಲೂ ಸಾವಿರಗಳಲ್ಲೇ. ಬಿಲ್ಲಿನ ಕೆಳಗೆ ಶೇಕಡ 10 ಸರ್ವೀಸ್ ಚಾರ್ಜ್ ಇದೆಯಾ ನೋಡಿ, ಇದ್ದರೆ ಟಿಪ್ಸ್ ಯೋಚನೆ ಬೇಡ. 2024ರಿಂದ ಯುಪಿಐ ಅಲ್ಲೂ ಬಂದಿದೆ. ಆದರೂ ಆಟೋ, ಎಳನೀರು, ವಡೆಗೆ ನಗದೇ ಗತಿ. ಆಟೋ ಹತ್ತುವ ಮೊದಲೇ ರೇಟು ಮಾತಾಡಿ. ಗಾಲ್‌ಗೆ ಹೋಗಲು ನಾವು ಹೆಚ್ಚಾಗಿ ಬಸ್ಸನ್ನೇ ಹಿಡಿದೆವು, ಕೈ ಮಾಡಿದರೆ ನಿಲ್ಲುತ್ತದೆ.

ಕೋಟೆಯನ್ನು ಮೊದಲು ಕಟ್ಟಿದವರು ಪೋರ್ಚುಗೀಸರು. ಡಚ್ಚರು ಅದನ್ನು ದೊಡ್ಡದು ಮಾಡಿದರು. ಹಳೇ ಬಾಗಿಲಿನ ಒಳಮುಖದಲ್ಲಿ ಡಚ್ ಕಂಪನಿಯ ಲಾಂಛನವೂ 1669 ಅನ್ನುವ ಇಸವಿಯೂ ಇದೆ. ಹೊರಮುಖದಲ್ಲಿ ಆಮೇಲೆ ಬಂದ ಬ್ರಿಟಿಷರ ಲಾಂಛನ. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗವಾದರೂ ಒಳಗೆ ಜನ ವಾಸ ಮಾಡುತ್ತಾರೆ, ಶಾಲೆ, ಮಸೀದಿ, ಕೋರ್ಟು ಎಲ್ಲ ಇವೆ. ಡಚ್ ಚರ್ಚಿನ ನೆಲಕ್ಕೆ ಹಾಸಿರುವುದು ಗೋರಿಕಲ್ಲುಗಳು. ಕಾಲಿಡಲು ನನಗೆ ಮನಸ್ಸಾಗಲಿಲ್ಲ.

ಗೋಡೆಯ ಮೇಲೆ ನಡೆಯಲು ನಾಲ್ಕೂವರೆಯ ನಂತರ ಹೋಗಿ, ಅದಕ್ಕೂ ಮೊದಲು ಕಲ್ಲು ಕಾದಿರುತ್ತದೆ. ಗಡಿಯಾರದ ಗೋಪುರದ ಹತ್ತಿರ ನಿಂತರೆ ಕೆಳಗೆ ಕ್ರಿಕೆಟ್ ಮೈದಾನ. ಪಂದ್ಯ ಇದ್ದಾಗ ಜನ ಇಲ್ಲಿಂದಲೇ ನೋಡುವುದುಂಟು. ಮುರಳೀಧರನ್ 2010ರ ಜುಲೈನಲ್ಲಿ ತಮ್ಮ ಕೊನೆಯ ಟೆಸ್ಟಿನ ಕೊನೆಯ ಚೆಂಡಿನಲ್ಲಿ ಓಜಾ ವಿಕೆಟ್ ತೆಗೆದು 800 ಮುಟ್ಟಿದ್ದು ಈ ಮೈದಾನದಲ್ಲೇ. ಇವರು ಅದನ್ನು ಪಕ್ಕದಲ್ಲಿ ನಿಂತಿದ್ದ ಅಪರಿಚಿತನಿಗೆ ಹೇಳಲು ಹೋಗಿ, ಆತನಿಂದ ಆ ಪಂದ್ಯದ ಪೂರ್ತಿ ಕಥೆ ಕೇಳಿಸಿಕೊಂಡು ಬಂದರು. ನಾನು ಅಷ್ಟರಲ್ಲಿ ಲೈಟ್‌ಹೌಸ್‌ವರೆಗೂ ಹೋಗಿ ಬಂದಿದ್ದೆ.

ಬಿಟ್ಟಿದ್ದೂ ಇದೆ. ಮಿರಿಸ್ಸದಿಂದ ನೀಲಿ ತಿಮಿಂಗಿಲ ನೋಡಲು ದೋಣಿ ಹೊರಡುತ್ತದೆ, ಆದರೆ ನಸುಕಿಗೇ ಎದ್ದು ಗಂಟೆಗಟ್ಟಲೆ ಕಡಲಲ್ಲಿ ಓಲಾಡುವುದು ಇವರ ಹೊಟ್ಟೆಗೆ ಒಗ್ಗುವ ಕೆಲಸವಲ್ಲ. ಕೊಗ್ಗಲದ ಕಡೆ ನೀರಿನಲ್ಲಿ ನೆಟ್ಟ ಕೋಲಿನ ಮೇಲೆ ಕೂತು ಮೀನು ಹಿಡಿಯುವವರ ಫೋಟೋ ಎಲ್ಲರೂ ಹಾಕುತ್ತಾರೆ. ಈಗ ಅಲ್ಲಿ ಕೂರುವವರಲ್ಲಿ ಎಷ್ಟೋ ಜನ ಫೋಟೋದ ದುಡ್ಡಿಗಾಗಿಯೇ ಕೂರುವುದು. ಸುಮ್ನೆ ಬಸ್ಸಿನಿಂದ ನೋಡಿದರೆ ಸಾಕು.

ಪೋಯ ದಿನವನ್ನು ಕ್ಯಾಲೆಂಡರಿನಲ್ಲಿ ನೋಡಿಕೊಳ್ಳಿ. ಪ್ರತಿ ಹುಣ್ಣಿಮೆಗೂ ಅಲ್ಲಿ ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ. ರಜೆಯ ಜನವೆಲ್ಲ ಬೀಚಿಗೂ ಬರುವುದರಿಂದ ಬಸ್ಸು, ರೈಲು ಎರಡೂ ಕಿಕ್ಕಿರಿದಿರುತ್ತವೆ. ಊರು ಬಿಡುವ ದಿನ ಪೋಯ ಆಗದಂತೆ ನಾವು ಟಿಕೆಟ್ ಮಾಡಿದ್ದೆವು. ವಾಪಸ್ ಬರುವಾಗ ಗಾಲ್‌ನಿಂದ ಎಕ್ಸ್‌ಪ್ರೆಸ್ ಹೆದ್ದಾರಿಯ ಬಸ್ಸು ಹಿಡಿದೆವು. ವಿಮಾನ ಹಿಡಿಯುವ ದಿನ ರೈಲನ್ನು ನಂಬಿ ಕೂರುವಷ್ಟು ಧೈರ್ಯ ನನಗಿಲ್ಲ. ಉಳಿದ ಲಂಕಾ ರೂಪಾಯಿಗಳನ್ನು ವಿಮಾನ ನಿಲ್ದಾಣದಲ್ಲೇ ಬದಲಿಸಿಕೊಂಡೆವು.