ಒಂದು ಬಿಎಚ್‌ಕೆ ಮನೆಗೆ ಕಂಪ್ಯೂಟರ್: ಹೋಲಿಸಿ ಕೊಳ್ಳುವ ಕ್ರಮ

ಮುಂಬಯಿ ಮತ್ತು ಸುತ್ತಲಿನ ಮಾಟುಂಗಾ, ಚೆಂಬೂರು, ಡೊಂಬಿವಲಿ ಕಡೆಯ ನಮ್ಮ ಕನ್ನಡಿಗರ ಮನೆಗಳಲ್ಲಿ ಕಂಪ್ಯೂಟರ್ ಕೊಳ್ಳುವ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ಪ್ರೊಸೆಸರ್, ಅಂದರೆ ಯಂತ್ರದ ಲೆಕ್ಕ ಮಾಡುವ ಮುಖ್ಯ ಚಿಪ್ಪು, ಇಂಟೆಲ್ ಕಂಪನಿಯ ಐ5 ಸಾಕೇ, ಐ7 ಬೇಕೇ ಎಂಬುದು. ಆ ಪ್ರಶ್ನೆಯನ್ನು ಕೊನೆಗಿಟ್ಟುಕೊಂಡರೂ ನಷ್ಟವೇನಿಲ್ಲ. ಯಂತ್ರವನ್ನು ಮನೆಯಲ್ಲಿ ಎಲ್ಲಿಡುತ್ತೇವೆ, ಅದರ ಯಾವ ಭಾಗವನ್ನು ಮುಂದೆ ಬದಲಾಯಿಸಲು ಬರುವುದಿಲ್ಲ ಎಂಬೆರಡನ್ನು ಮೊದಲು ತೀರ್ಮಾನಿಸಿಕೊಂಡರೆ ಉಳಿದ ಆಯ್ಕೆಗಳು ಅರ್ಧಕ್ಕರ್ಧ ತಾವಾಗಿಯೇ ಬಗೆಹರಿಯುತ್ತವೆ. ಬದಲಾಯಿಸಲು ಬಾರದ ಭಾಗಕ್ಕೆ ಧಾರಾಳವಾಗಿ ಖರ್ಚು ಮಾಡಬೇಕು. ನಾಳೆ ಸೇರಿಸಿಕೊಳ್ಳಬಹುದಾದುದರಲ್ಲಿ ಇಂದು ಕೈ ಬಿಗಿ ಹಿಡಿಯಬಹುದು.

ಆದ್ದರಿಂದ ಅಂಗಡಿಗೆ ಹೊರಡುವ ಮುನ್ನ ಅಳತೆಯ ಟೇಪು ತೆಗೆಯಿರಿ. 24 ಇಂಚಿನ ಮಾನಿಟರ್ ಸುಮಾರು 54 ಸೆಂಟಿಮೀಟರ್ ಅಗಲವಿರುತ್ತದೆ, 27 ಇಂಚಿನದು ಸುಮಾರು 61. ಅದರ ಮುಂದೆ ಕೀಬೋರ್ಡು, ಪಕ್ಕದಲ್ಲಿ ಮೌಸ್ ಓಡಾಡಲು ಜಾಗ, ಹಿಂದೆ ವೈರುಗಳಿಗೆ ನಾಲ್ಕು ಬೆರಳು ಸೇರಿಸಿದರೆ 60 ಸೆಂಟಿಮೀಟರ್ ಆಳದ ಮೇಜು ಬೇಕಾಗುತ್ತದೆ. ಸೋಫಾ, ಟಿವಿ, ಮಡಚುವ ಊಟದ ಮೇಜು ತುಂಬಿದ ಹಾಲಿನಲ್ಲಿ ಇಷ್ಟು ಜಾಗ ಕಾಯಮ್ಮಾಗಿ ಸಿಗದಿದ್ದರೆ ಡೆಸ್ಕ್‌ಟಾಪಿನ ಮಾತನ್ನು ಅಲ್ಲಿಗೇ ಬಿಡಬೇಕು. ಮನೆಯ ಯಂತ್ರವನ್ನೇ ಯಾರಾದರೂ ದಿನವೂ ಕೆಲಸಕ್ಕೆ ಒಯ್ಯುವವರಿದ್ದರೆ 14 ಇಂಚಿನ, ಒಂದೂವರೆ ಕಿಲೋ ಒಳಗಿನ ಲ್ಯಾಪ್‌ಟಾಪ್ ನೋಡುವುದು ಒಳ್ಳೆಯದು, 15.6 ಇಂಚಿನದು ಅಡಾಪ್ಟರ್ ಸಮೇತ ಸಾಮಾನ್ಯವಾಗಿ ಎರಡು ಕಿಲೋ ಮುಟ್ಟುತ್ತದೆ, ಸಂಜೆಯ ದಾದರ್ ಲೋಕಲ್‌ನಲ್ಲಿ ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಲ್ಲುವವರಿಗೆ ಆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಜಾಗವಿದ್ದು, ಯಂತ್ರ ಮನೆ ಬಿಟ್ಟು ಹೊರಡುವುದಿಲ್ಲವೆಂದಾದರೆ ಡೆಸ್ಕ್‌ಟಾಪೇ ಲಾಭದ್ದು ಎಂಬುದು ನನ್ನ ಅಭಿಪ್ರಾಯ. ಅದೇ ಹಣಕ್ಕೆ ದೊಡ್ಡ ಪರದೆ ಸಿಗುತ್ತದೆ, ಕೆಟ್ಟ ಭಾಗವನ್ನಷ್ಟೇ ತೆಗೆದು ಬೇರೆ ಹಾಕಬಹುದು, ಮತ್ತು ಒಮ್ಮೆ ಕೊಂಡ ಮಾನಿಟರ್, ಕೀಬೋರ್ಡುಗಳು ಮುಂದಿನ ಯಂತ್ರಕ್ಕೂ ಒದಗುತ್ತವೆ. ದೊಡ್ಡ ಕ್ಯಾಬಿನೆಟ್ ಬೇಡವೆನ್ನುವವರಿಗೆ ಟಿಫಿನ್ ಡಬ್ಬಿಯಷ್ಟಿರುವ ಮಿನಿ ಪಿಸಿ ಇದೆ. ಇದರೊಳಗೆ ಬಹುಮಟ್ಟಿಗೆ ಲ್ಯಾಪ್‌ಟಾಪಿನ ಪ್ರೊಸೆಸರೇ ಇರುವುದರಿಂದ ವಿದ್ಯುತ್ ಕಡಿಮೆ ಸಾಕು, ಸದ್ದೂ ಕಡಿಮೆ. ಮಾನಿಟರಿನ ಬೆನ್ನಿಗೆ ತಿರುಪು ಹಾಕಿ ಕೂರಿಸಿದರೆ ಮೇಜಿನ ಮೇಲೆ ಜಾಗವನ್ನೇ ಕೇಳುವುದಿಲ್ಲ. ಆದರೆ ಹಾಗೆ ಕೂರಿಸಲು ಮಾನಿಟರಿನ ಹಿಂಭಾಗದಲ್ಲಿ ವೆಸಾ ಅಳತೆಯ ನಾಲ್ಕು ತೂತುಗಳಿರಬೇಕು. ಅಗ್ಗದ ಕೆಲವು ಮಾದರಿಗಳಲ್ಲಿ ಅವು ಇರುವುದೇ ಇಲ್ಲ, ಇನ್ನು ಕೆಲವದರಲ್ಲಿ ಸ್ಟ್ಯಾಂಡೇ ಆ ತೂತುಗಳನ್ನು ಹಿಡಿದುಕೊಂಡಿರುತ್ತದೆ. ಮಾನಿಟರನ್ನು ಹಿಂದೆ ತಿರುಗಿಸಿ ನೋಡದೆ ಹಣ ಕೊಡಬೇಡಿ.

ಲ್ಯಾಪ್‌ಟಾಪುಗಳನ್ನು ಹೋಲಿಸುವಾಗ ಮೊದಲು ವಿಚಾರಿಸಬೇಕಾದದ್ದು, ತೆರೆದ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಟ್ಟುಕೊಳ್ಳುವ ಮೆಮೊರಿಯಾದ ರ‍್ಯಾಮ್. ಈಗಿನ ತೆಳ್ಳಗಿನ ಹಲವು ಮಾದರಿಗಳಲ್ಲಿ ಅದನ್ನು ಒಳಗಿನ ಮುಖ್ಯ ಹಲಗೆಯಾದ ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. 8 ಜಿಬಿ ಎಂದರೆ ಯಂತ್ರವಿರುವಷ್ಟು ಕಾಲವೂ 8 ಜಿಬಿಯೇ. ಬ್ರೌಸರಿನಲ್ಲಿ ಹತ್ತು ಪುಟ, ಪಕ್ಕದಲ್ಲೊಂದು ವಿಡಿಯೋ ಕರೆ ಇಟ್ಟುಕೊಳ್ಳುವ ಮನೆಗೆ 16 ಜಿಬಿ ನೆಮ್ಮದಿ. ಬೆಸೆದಿದೆಯೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲೇ ತಕ್ಕಮಟ್ಟಿಗೆ ತಿಳಿಯಬಹುದು: ವಿಂಡೋಸ್ ಓಡುತ್ತಿರುವ ಪ್ರದರ್ಶನದ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಭಾಗದಲ್ಲಿ ಮೆಮೊರಿಯನ್ನು ತೆರೆದರೆ ಫಾರ್ಮ್ ಫ್ಯಾಕ್ಟರ್ ಎಂಬ ಸಾಲು ಕಾಣುತ್ತದೆ. ಅಲ್ಲಿ 'ರೋ ಆಫ್ ಚಿಪ್ಸ್' ಎಂದಿದ್ದರೆ ರ‍್ಯಾಮ್ ಬೆಸೆದದ್ದು. 'ಎಸ್ಒಡಿಐಎಂಎಂ' ಎಂದಿದ್ದರೆ ತೆಗೆದು ಹಾಕಲು ಬರುವಂಥದ್ದು. ಅಂಗಡಿಯ ಹುಡುಗರು ಇದನ್ನು ಬೇಡವೆನ್ನುವುದಿಲ್ಲ; ಗಿರಾಕಿಗೆ ವಿಷಯ ಗೊತ್ತಿದೆಯೆಂದು ಕಂಡರೆ ಮಾತುಕತೆಯೂ ಬೇಗ ಮುಗಿಯುತ್ತದೆ.

ಪ್ರೊಸೆಸರಿನ ಹೆಸರನ್ನು ಓದುವುದಕ್ಕೂ ಕ್ರಮವಿದೆ. ಇಂಟೆಲ್‌ನಂತೆಯೇ ಪ್ರೊಸೆಸರ್ ತಯಾರಿಸುವ ಎಎಂಡಿಯ ರೈಜೆನ್ 7000 ಸಾಲಿನ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಿ ಮೊದಲ ಅಂಕಿ ಬಿಡುಗಡೆಯ ವರ್ಷವನ್ನಷ್ಟೇ ಹೇಳುತ್ತದೆ, ಒಳಗಿನ ವಿನ್ಯಾಸ ಎಷ್ಟು ಹೊಸದೆಂಬುದು ಮೂರನೆಯ ಅಂಕಿಯಲ್ಲಿದೆ. 7520ಯು ಎಂಬುದರೊಳಗೆ ಇರುವುದು 2019ರಲ್ಲಿ ಬಂದ ಝೆನ್ 2, 7530ಯು ಎಂಬುದರಲ್ಲಿ ಝೆನ್ 3, 7640ಯು ಎಂಬುದರಲ್ಲಿ ಝೆನ್ 4. ಮೂರರ ಮೇಲೂ 'ರೈಜೆನ್ 5' ಎಂಬ ಒಂದೇ ಚೀಟಿ ಅಂಟಿರುತ್ತದೆ. ಇಂಟೆಲ್‌ನಲ್ಲಿ ಕೊನೆಯ ಅಕ್ಷರ ನೋಡಬೇಕು: ಯು ಎಂದರೆ ಮಿತವ್ಯಯದ್ದು, ಎಚ್ ಎಂದರೆ ಹೆಚ್ಚು ಶಕ್ತಿಯದ್ದು, ಹಾಗೆಯೇ ಹೆಚ್ಚು ಕಾವಿನದ್ದೂ ಬ್ಯಾಟರಿ ಬೇಗ ತಿನ್ನುವಂಥದ್ದೂ. ಪಾಠ, ಬ್ಯಾಂಕಿನ ವ್ಯವಹಾರ, ಹೋಟೆಲಿನ ಲೆಕ್ಕಪತ್ರ ಇಷ್ಟಕ್ಕೆ ಯು ಸಾಕು.

ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳೂ ಸಿಗುತ್ತವೆ. ಗಟ್ಟಿಮುಟ್ಟಾದ ಯಂತ್ರಗಳು, ಬೆಲೆಯೂ ಕಡಿಮೆ. ಇಲ್ಲಿ ಒಂದು ಗೆರೆಯನ್ನು ಮಾತ್ರ ದಾಟಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಐ5-8250ಯು ಎಂದಿದ್ದರೆ 8ರಿಂದ ಶುರುವಾಗುವ ಕಾರಣ ಅದು ಎಂಟನೆಯದು, ಐ5-7200ಯು ಏಳನೆಯದು. ಏಳನೆಯದರಲ್ಲೂ ಹೇಗೋ ಹಾಕಿ ಕೊಡುತ್ತೇವೆಂದು ಯಾರಾದರೂ ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ಹೋಗಿ.

ಪರದೆಯ ವಿಷಯದಲ್ಲಿ ಕನ್ನಡ ಓದುವವರಿಗೆ ಹೆಚ್ಚಿನ ಎಚ್ಚರ ಬೇಕು. 1920×1080 ಚುಕ್ಕಿಗಳು 24 ಇಂಚಿನಲ್ಲಿ ಚೆನ್ನಾಗಿ ಕಾಣುತ್ತವೆ. ಅಷ್ಟೇ ಚುಕ್ಕಿಗಳನ್ನು 27 ಇಂಚಿಗೆ ಹರಡಿದರೆ ಅಕ್ಷರ ಒರಟಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಅದು ಗೊತ್ತಾಗದಿರಬಹುದು, ಆದರೆ 'ಸ್ತ್ರೀ', 'ಕ್ಷ್ಮಿ' ಎಂಬಲ್ಲಿನ ಒತ್ತುಗಳು ಒಂದರೊಳಗೊಂದು ಕಲೆಸಿಹೋಗುತ್ತವೆ. ಕೊಳ್ಳುವ ಮುನ್ನ ಯಾವುದಾದರೂ ಕನ್ನಡ ಪತ್ರಿಕೆಯ ಪುಟವನ್ನು ಆ ಪರದೆಯಲ್ಲೇ ತೆರೆದು ಓದಿ. 27 ಇಂಚು ಬೇಕೇ ಬೇಕೆಂದರೆ 2560×1440 ಇರುವುದನ್ನು ಆರಿಸಿ. ಐಪಿಎಸ್ ಪ್ಯಾನೆಲ್ ಆದರೆ ಪಕ್ಕದಲ್ಲಿ ಕುಳಿತವರಿಗೂ ಬಣ್ಣ ಸರಿಯಾಗಿ ಕಾಣುತ್ತದೆ, ಇಬ್ಬರು ಮಕ್ಕಳು ಒಂದೇ ಪರದೆಯೆದುರು ಕೂರುವ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಕೀಬೋರ್ಡಿಗಾಗಿ ಕನ್ನಡ ಅಚ್ಚಾದದ್ದನ್ನು ಹುಡುಕಿ ಅಲೆಯಬೇಕಿಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸ ಇದ್ದೇ ಇದೆ, 2019ರಿಂದ ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿ ಕನ್ನಡ ಮೂಡಿಸುವ ಫೊನೆಟಿಕ್ ವಿಧಾನವೂ ಸೇರಿದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲೇ ಮರಾಠಿಯ 'ಕ' ಕೂಡ ಇರುವುದರಿಂದ ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಬರೆಯುವ ಮಕ್ಕಳು ಒಮ್ಮೆ ಕಲಿತರೆ ಎರಡಕ್ಕೂ ಆಯಿತು. ಲ್ಯಾಪ್‌ಟಾಪ್ ಕೊಂಡವರೂ ಒಂದು ಸ್ಟ್ಯಾಂಡು, ಬೇರೆಯದೇ ಕೀಬೋರ್ಡು ಮತ್ತು ಮೌಸ್ ಇಟ್ಟುಕೊಳ್ಳುವುದು ಒಳ್ಳೆಯದು. ಗಂಟೆಗಟ್ಟಲೆ ತಲೆ ಬಗ್ಗಿಸಿ ಕುಳಿತರೆ ಕುತ್ತಿಗೆ ಸುಮ್ಮನಿರುವುದಿಲ್ಲ.

ಕರೆಂಟ್ ಹೋದಾಗ ಸ್ವಲ್ಪ ಹೊತ್ತು ಬ್ಯಾಟರಿಯಿಂದ ಯಂತ್ರ ನಡೆಸುವ ಯುಪಿಎಸ್ ಬೇಕೇ? ಮುಂಬಯಿ ನಗರದೊಳಗೆ, 2020ರ ಅಕ್ಟೋಬರ್ 12ರಂಥ ದಿನವನ್ನು ಬಿಟ್ಟರೆ, ಕರೆಂಟ್ ಹೋಗುವುದು ಅಪರೂಪ. ಆದರೂ ಡೆಸ್ಕ್‌ಟಾಪಿಗೆ ಅದು ಬೇಕು, ಏಕೆಂದರೆ ಮಳೆಗಾಲದಲ್ಲಿ ಕ್ಷಣಮಾತ್ರ ಕರೆಂಟ್ ಹೋಗಿ ಬಂದರೂ ಯಂತ್ರ ಆರಿ, ಉಳಿಸದೆ ಬಿಟ್ಟ ಕೆಲಸ ಹೋಗಿಬಿಡುತ್ತದೆ. ಗ್ರಾಫಿಕ್ಸ್ ಕಾರ್ಡಿಲ್ಲದ ಮನೆಯ ಡೆಸ್ಕ್‌ಟಾಪಿಗೆ 600 ವಿಎ ಸಾಮರ್ಥ್ಯದ್ದು ಸಾಕು. ಅದರ ಬ್ಯಾಟರಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಿಂಟರ್ ಬಹಳ ಮನೆಗಳಿಗೆ ಬೇಕಿಲ್ಲ. ತಿಂಗಳಿಗೆ ನಾಲ್ಕು ಹಾಳೆಗಾಗಿ ಇಂಕ್ ಯಂತ್ರ ತಂದರೆ ಬಳಸದೆ ಶಾಯಿ ಒಣಗಿ, ಅದನ್ನು ಸಿಂಪಡಿಸುವ ಹೆಡ್ ಕಟ್ಟಿಕೊಳ್ಳುತ್ತದೆ. ಸ್ಟೇಷನ್ ಪಕ್ಕದ ಜೆರಾಕ್ಸ್ ಅಂಗಡಿಯೇ ಅಗ್ಗ. ಬೇಕೇ ಬೇಕೆನ್ನುವವರಿಗೆ ಅಪರೂಪದ ಕಪ್ಪು ಬಿಳುಪು ಕೆಲಸಕ್ಕೆ ಲೇಸರ್, ಮಕ್ಕಳ ಪ್ರಾಜೆಕ್ಟಿಗೆ ದಿನವೂ ಬಣ್ಣ ಬೇಕಾದರೆ ಶಾಯಿಯನ್ನು ಬಾಟಲಿಯಿಂದ ತುಂಬಿಸುವ ಇಂಕ್ ಟ್ಯಾಂಕ್.

ಕೊನೆಗೆ ಬೆಲೆಯನ್ನು ಹೋಲಿಸುವಾಗ ಎರಡು ಕಡೆಯ ಒಟ್ಟು ಮೊತ್ತವನ್ನು ಕಾಗದದ ಮೇಲೆ ಬರೆಯಿರಿ. ಲ್ಯಾಪ್‌ಟಾಪಿನ ಬೆಲೆಯಲ್ಲಿ ಪರದೆ, ಕ್ಯಾಮೆರಾ, ಬ್ಯಾಟರಿ, ಸಾಮಾನ್ಯವಾಗಿ ವಿಂಡೋಸ್ ಪರವಾನಗಿಯೂ ಸೇರಿರುತ್ತವೆ; ಜೋಡಿಸಿ ಕೊಡುವ ಡೆಸ್ಕ್‌ಟಾಪಿಗೆ ಇವನ್ನೆಲ್ಲ ಬೇರೆಯಾಗಿ ಕೂಡಿಸಬೇಕು. ಅಂಗಡಿಯವರು ಹೇಳುವ ದರ 18 ಶೇಕಡಾ ಜಿಎಸ್‌ಟಿ ಸೇರಿದ್ದೋ ಅಲ್ಲವೋ ಕೇಳಿ, ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆಂದರೆ ಒಪ್ಪಬೇಡಿ. ವಾರಂಟಿಗಾಗಿ ಹೋದಾಗ ಬಿಲ್ಲು ಕೇಳುತ್ತಾರೆ. ಪೆಟ್ಟಿಗೆಯ ಮೇಲಿನ, ಯಂತ್ರದ ಅಡಿಯ ಮತ್ತು ಬಿಲ್ಲಿನಲ್ಲಿನ ಸೀರಿಯಲ್ ನಂಬರ್ ಮೂರೂ ಒಂದೇ ಆಗಿರಬೇಕು. ಯಂತ್ರವನ್ನು ಅಲ್ಲಿಯೇ ಹಚ್ಚಿ ನೋಡುವಾಗ, ಕಡತಗಳನ್ನು ಉಳಿಸಿಡುವ 512 ಜಿಬಿಯ ಎಸ್‌ಎಸ್‌ಡಿಯನ್ನು ವಿಂಡೋಸ್ 476 ಎಂದು ತೋರಿಸಿದರೆ ಗಾಬರಿಯಾಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ ಅದು. 238 ಎಂದು ಕಂಡರೆ ಮಾತ್ರ ಒಳಗಿರುವುದು 256ರದ್ದು, ಹಣ ಕೊಡುವುದನ್ನು ಅಲ್ಲಿಗೇ ನಿಲ್ಲಿಸಿ.