ಮೊದಲ ವರ್ಷದವರಿಗೆ ರಕ್ತದೊತ್ತಡ ಅಳೆಯಲು ಕಲಿಸುವಾಗ

ಕಾಸರಗೋಡಿನಲ್ಲಿ ಹೊಸ ವೈದ್ಯಕೀಯ ವಿದ್ಯಾರ್ಥಿಗಳಿಗೆ ರಕ್ತದೊತ್ತಡ ಅಳೆಯಲು ಕಲಿಸುವ ಮಿತ್ರರಲ್ಲಿ ಒಂದು ವಿನಂತಿ: ಆರಂಭದಲ್ಲೇ ಸ್ಟೆತಾಸ್ಕೋಪ್ ಬಳಸಲು ಬಿಡಬೇಡಿ. ರೋಗಿಯು ಬೆನ್ನಿಗೆ ಆಸರೆ ಪಡೆದು 5 ನಿಮಿಷ ಸುಮ್ಮನೆ ಕುಳಿತ ಮೇಲೆ, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟು ಕಫ್‌ಗೆ (ತೋಳಿಗೆ ಸುತ್ತುವ ಪಟ್ಟಿಗೆ) ಗಾಳಿ ತುಂಬುತ್ತಾ ಹೋದಂತೆ ಮಿಡಿತವು ಯಾವ ಅಂಕಿಯಲ್ಲಿ ಮಾಯವಾಗುತ್ತದೆ ಎಂಬುದನ್ನು ಗುರುತಿಸಲು ಹೇಳಿ. ಬಳಿಕ ಗಾಳಿಯನ್ನು ಪೂರ್ತಿ ಬಿಟ್ಟು, ಸ್ಟೆತಾಸ್ಕೋಪ್ ಇಟ್ಟು, ಆ ಅಂಕಿಗಿಂತ 30 ಮಿ.ಮೀ. (ಪಾದರಸ) ಹೆಚ್ಚಿಗೆ ಏರಿಸಿ, ಸೆಕೆಂಡಿಗೆ 2–3 ಮಿ.ಮೀ.ನಂತೆ ಇಳಿಸುತ್ತಾ ಶಬ್ದವನ್ನು ಆಲಿಸಲಿ. ಕೆಲವರಲ್ಲಿ ಶಬ್ದವು ನಡುವೆ ಅಡಗಿ ಮತ್ತೆ ಕೇಳಿಸುವುದರಿಂದ, ಮೊದಲು ನಾಡಿ ನೋಡುವ ಹಂತವನ್ನು ಬಿಟ್ಟರೆ ಮೇಲಿನ ಒತ್ತಡವನ್ನು ಕಡಿಮೆಯಾಗಿ ಬರೆದುಕೊಳ್ಳುವ ಅಪಾಯವಿದೆ. ನಮ್ಮಲ್ಲಿಗೆ ಬರುವವರು ಮಲಯಾಳ, ತುಳು, ಕನ್ನಡ, ಬ್ಯಾರಿ ಆಡುವವರಾದ್ದರಿಂದ, “ತೋಳು ಸ್ವಲ್ಪ ಬಿಗಿಯಾಗುತ್ತದೆ, ಹೆದರಬೇಡಿ” ಎಂಬುದನ್ನು ಅವರವರ ಭಾಷೆಯಲ್ಲಿಯೇ ಹೇಳಲು ಅಭ್ಯಾಸ ಮಾಡಿಸುವುದೂ ನನ್ನ ದೃಷ್ಟಿಯಲ್ಲಿ ಅಷ್ಟೇ ಅಗತ್ಯ.